ಆರಾಧನೆಯ ನಿಯತ್ತು: ಕ್ರೈಸ್ತ ಮನಃಶುದ್ಧಿಯ ಪ್ರಶ್ನೆ ಮತ್ತು ಕರ್ನಾಟಕದ ಜನಪದ ಹರಕೆ

ಕ್ರೈಸ್ತ ಧರ್ಮಗ್ರಂಥದಲ್ಲಿ ಆರಾಧನೆಯನ್ನು ಕುರಿತ ಟೀಕೆಯು ಆರಾಧನೆಯಷ್ಟೇ ಹಳೆಯದು. ಬಡವನಿಗೆ ನ್ಯಾಯ ತಪ್ಪಿಸಿದವರ ಹಬ್ಬ, ಬಲಿ, ಗೀತಗಳನ್ನು ದೇವರು ಒಲ್ಲನೆಂದು ಆಮೋಸ ಮತ್ತು ಯೆಶಾಯ ಪ್ರವಾದಿಗಳು ಸಾರಿದರು. ಜನ ಕಾಣಲೆಂದು ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರನ್ನು ಯೇಸು ಖಂಡಿಸಿದನು. ಈ ಟೀಕೆಯ ತಿರುಳನ್ನು ಗ್ರಹಿಸುವುದು ಕಷ್ಟವಲ್ಲ. ಕಷ್ಟವಿರುವುದು ಅದರ ಪ್ರಯೋಗದಲ್ಲಿ. ಒಬ್ಬನ ಆರಾಧನೆ ಮನಃಪೂರ್ವಕವಾದುದೋ ಅಲ್ಲವೋ ಎಂಬುದನ್ನು ನಿರ್ಣಯಿಸುವವರು ಯಾರು? ಯಾವ ಕುರುಹಿನಿಂದ? ಕರ್ನಾಟಕದ ಕ್ರೈಸ್ತ ಸಮುದಾಯಗಳ ಚರಿತ್ರೆಯಲ್ಲಿ ಈ ನಿರ್ಣಯಾಧಿಕಾರವು ಬಹುಮಟ್ಟಿಗೆ ಹೊರಗಿನವರ ಕೈಯಲ್ಲಿತ್ತು. ಆರಾಧಿಸುತ್ತಿದ್ದ ಜನರು ತಮ್ಮದೇ ಆದ ಅಳತೆಗೋಲೊಂದನ್ನು ಇಟ್ಟುಕೊಂಡಿದ್ದರೆಂಬುದನ್ನು ಮಿಶನರಿಗಳಾಗಲಿ, ಅವರ ಕುರಿತು ಬರೆದ ನಮ್ಮ ವಿದ್ವಾಂಸರಾಗಲಿ ಅಷ್ಟಾಗಿ ಗಮನಿಸಿಲ್ಲ. ಆ ಅಳತೆಗೋಲಿನ ಸ್ವರೂಪ ಮತ್ತು ಅದರ ಮಿತಿ ಪ್ರಸ್ತುತ ಲೇಖನದ ವಸ್ತು.

ಮೊದಲಿಗೆ ಎರಡು ಪದಗಳನ್ನು ಪರಿಶೀಲಿಸಬಹುದು. ಸುವಾರ್ತೆಗಳಲ್ಲಿ ‘ಕಪಟಿ’ ಎಂದು ಕನ್ನಡಕ್ಕೆ ಬಂದಿರುವ ಗ್ರೀಕ್ ಶಬ್ದ ‘ಹುಪೊಕ್ರಿತೇಸ್’. ಅದರ ರೂಢಿಯ ಅರ್ಥ ರಂಗದ ಮೇಲಿನ ನಟ. ‘ವೇಷಧಾರಿ’ ಎಂದು ಅನುವಾದಿಸಿದ್ದರೆ ಮೂಲಕ್ಕೆ ಹತ್ತಿರವಾಗುತ್ತಿತ್ತು. ಆದರೆ ಕನ್ನಡ ಮತ್ತು ತುಳು ನೆಲದಲ್ಲಿ ತೊಡಕೂ ಆಗುತ್ತಿತ್ತು. ಭೂತದ ಕೋಲದಲ್ಲಿ ವೇಷ ಕಟ್ಟುವುದು ವಂಚನೆಯಲ್ಲ, ನೇಮ ಹಿಡಿದು ಕೈಗೊಳ್ಳುವ ಕರ್ತವ್ಯ. ಹೊರಗಿನ ವೇಷವೆಲ್ಲ ಒಳಗಿನ ಸುಳ್ಳೆಂಬ ಸಮೀಕರಣ ಇಲ್ಲಿ ತಾನಾಗಿ ನಿಲ್ಲುವುದಿಲ್ಲ. ಎರಡನೆಯ ಪದ ‘ನಿಯತ್ತು’. ಇದು ಅರಬ್ಬಿಯ ‘ನಿಯ್ಯತ್’ನಿಂದ ಬಂದುದು. ಅಲ್ಲಿ ಅದು ನಮಾಜಿಗೆ ಮುನ್ನ ಮನಸ್ಸಿನಲ್ಲಿ ಮಾಡಿಕೊಳ್ಳುವ ಸಂಕಲ್ಪದ ಹೆಸರು. ಹಳ್ಳಿಯ ಕನ್ನಡಕ್ಕೆ ಬಂದ ಮೇಲೆ ಅದು ಒಳಗಿನ ಸಂಕಲ್ಪವಾಗಿ ಉಳಿಯಲಿಲ್ಲ; ಕೊಟ್ಟ ಮಾತಿಗೆ ತಪ್ಪದ, ಉಂಡ ಮನೆಗೆ ಎರಡು ಬಗೆಯದ ನಡತೆಯಾಯಿತು. ನಿಯತ್ತಾಗಿ ದುಡಿದವನು, ನಾಯಿಗಿರುವ ನಿಯತ್ತು ಎಂಬ ಮಾತುಗಳಲ್ಲಿ ಮನಸ್ಸಿನ ಒಳಹೊಕ್ಕು ನೋಡುವ ಹಂಬಲವಿಲ್ಲ. ನಿಯತ್ತನ್ನು ಗುರುತಿಸುವವರು ಸುತ್ತಲಿನವರು. ಧಾರ್ಮಿಕ ಶಬ್ದವೊಂದು ಲೋಕವ್ಯವಹಾರಕ್ಕೆ ಇಳಿದು ಹೀಗೆ ಅರ್ಥ ಬದಲಿಸಿಕೊಂಡಿರುವುದು ನಮ್ಮ ಚರ್ಚೆಗೆ ಉಪಯುಕ್ತ ಸುಳಿವು.

ಹೊರಗಿನ ಅಳತೆಗೋಲುಗಳಲ್ಲಿ ಅತ್ಯಂತ ಕಟುವಾದುದು ಅಬ್ಬೆ ದ್ಯುಬುವಾ ಅವರದು. 1792ರಲ್ಲಿ ಭಾರತಕ್ಕೆ ಬಂದ ಈ ಫ್ರೆಂಚ್ ಪಾದ್ರಿ, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಚದುರಿಹೋಗಿದ್ದ ಮೈಸೂರು ಸೀಮೆಯ ಕ್ರೈಸ್ತರನ್ನು ಒಗ್ಗೂಡಿಸಲು ನಿಯುಕ್ತರಾದರು. ದೇಶೀಯ ಉಡುಗೆ ತೊಟ್ಟು, ಇಲ್ಲಿನವರ ಊಟದ ಕಟ್ಟುಪಾಡು ಪಾಲಿಸಿ, ದಶಕಗಳ ಕಾಲ ಜನರ ನಡುವೆ ಬದುಕಿದರು. 1823ರಲ್ಲಿ ಸ್ವದೇಶಕ್ಕೆ ಮರಳಿದರು. ಅದೇ ವರ್ಷ ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಲಂಡನ್ನಿನಲ್ಲಿ ಅಚ್ಚಾದವು. ಹಿಂದೂಗಳನ್ನು ನಿಜವಾಗಿ ಮತಾಂತರಿಸುವುದು ಅಸಾಧ್ಯವೆಂಬುದು ಅವರ ತೀರ್ಮಾನ. ತಾವು ಕಂಡ ಕ್ರೈಸ್ತರಲ್ಲಿ ಹೆಚ್ಚಿನವರು ಹೆಸರಿಗೆ ಮಾತ್ರ ಕ್ರೈಸ್ತರೆಂದು ಅವರು ಬಗೆದರು. ರಾತ್ರಿಯ ಮೆರವಣಿಗೆ, ದೀವಟಿಗೆ, ಡೋಲು, ಕಹಳೆ, ಬಾಣಬಿರುಸು ಅವರಿಗೆ ಜುಗುಪ್ಸೆ ತಂದಿದ್ದವು. ಅದೇ ಉಸಿರಿನಲ್ಲಿ, ಈ ನೆಲದಲ್ಲಿ ಕ್ರೈಸ್ತಧರ್ಮದ ಯಾವುದಾದರೂ ರೂಪ ನಾಟುವುದಿದ್ದರೆ ಅದು ಮೂರ್ತಿ, ಮೆರವಣಿಗೆ, ಉಪವಾಸ, ತೀರ್ಥಗಳಿರುವ ಕಥೋಲಿಕ ರೂಪವೇ ಎಂದೂ ವಾದಿಸಿದರು. ಮೆರವಣಿಗೆ ಕಪಟದ ಗುರುತೂ ಹೌದು, ಭಕ್ತಿಯ ಏಕೈಕ ಭರವಸೆಯೂ ಹೌದು ಎಂಬ ಈ ಇಬ್ಬಂದಿಯನ್ನು ಅವರು ಬಿಡಿಸಿಕೊಳ್ಳಲಿಲ್ಲ. ಪರರ ಮನಃಶುದ್ಧಿಯನ್ನು ಅಷ್ಟು ನಿಷ್ಠುರವಾಗಿ ತೂಗಿದ ದ್ಯುಬುವಾ ಅವರ ಪ್ರಸಿದ್ಧ ಗ್ರಂಥವು, ಅಂದರೆ ಹಿಂದೂಗಳ ಆಚಾರ ಸಂಪ್ರದಾಯಗಳನ್ನು ಕುರಿತದ್ದು, ಬಹುಪಾಲು ಜೆಸ್ವಿಟ್ ಪಾದ್ರಿ ಕೇರ್ದೂ ಅವರ ಹಸ್ತಪ್ರತಿಯನ್ನು ಆಧರಿಸಿತ್ತೆಂಬುದನ್ನು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ದ್ಯುಬುವಾ ಆ ಋಣವನ್ನು ಹೇಳಿಕೊಂಡಿರಲಿಲ್ಲ.

ಬಾಹ್ಯಾಚಾರವನ್ನು ಶಂಕಿಸುವ ಈ ನಿಲುವು ದ್ಯುಬುವಾ ಅವರಿಂದ ಮೊದಲಾದುದಲ್ಲ. 17ನೆಯ ಶತಮಾನದ ಮಧ್ಯದಲ್ಲಿ ಲಿಯೊನಾರ್ದೊ ಚಿನ್ನಮಿ ಮೈಸೂರು ಮಿಶನ್ನಿಗೆ ಬುನಾದಿ ಹಾಕಿದಾಗಿನಿಂದ ಜೆಸ್ವಿಟರು ಸ್ಥಳೀಯ ಆಚಾರಗಳಲ್ಲಿ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂದು ತರ್ಕಿಸುತ್ತಲೇ ಇದ್ದರು. ಮಲಬಾರ್ ವಿಧಿಗಳ ವಿವಾದವೆಂದು ಹೆಸರಾದ ಈ ತರ್ಕಕ್ಕೆ ಪೋಪ್ 14ನೆಯ ಬೆನೆಡಿಕ್ಟ್ 1744ರ ಶಾಸನದಿಂದ ತೆರೆ ಎಳೆದರು. ಆ ಶಾಸನವು ಮಧುರೆ, ಕರ್ನಾಟಿಕ್ ಮಿಶನ್ನುಗಳೊಂದಿಗೆ ಮೈಸೂರಿಗೂ ಅನ್ವಯಿಸಿತು. ತಾಳಿ, ತಿಲಕ, ಸ್ನಾನಗಳ ಚರ್ಚೆಯ ನಡುವೆ ಅಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು. ಸಾವಿನ ಹಾಸಿಗೆಯಲ್ಲಿರುವ ಅಸ್ಪೃಶ್ಯ ಕ್ರೈಸ್ತನ ಮನೆಯನ್ನು ಹೊಕ್ಕು ಸಂಸ್ಕಾರ ನೀಡಲು ಪಾದ್ರಿ ಹಿಂಜರಿಯಬಹುದೇ? ಇಡೀ ವಿವಾದದಲ್ಲಿ ಆರಾಧನೆಯ ಸತ್ಯವನ್ನು ನೇರವಾಗಿ ಮುಟ್ಟಿದ ಪ್ರಶ್ನೆ ಇದೊಂದೇ ಎಂದು ನನ್ನ ಅಭಿಪ್ರಾಯ. ಮುಂದಿನ ಚರಿತ್ರೆಕಾರರು ಹೆಚ್ಚು ಬರೆದದ್ದು ತಿಲಕದ ಬಗ್ಗೆ.

ಕರಾವಳಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರ ನೆಲೆ ಬೇರೆ. ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದ ಪಯಟಿಸ್ಟ್ ಪಂಥದಲ್ಲಿ ಬೆಳೆದ ಅವರಿಗೆ ಹೃದಯದ ಪರಿವರ್ತನೆಯೇ ಧರ್ಮದ ಸಾರ. ದೀಕ್ಷಾಸ್ನಾನಕ್ಕೆ ಮುನ್ನ ಜಾತಿಯನ್ನು ತೊರೆಯಬೇಕೆಂದು ಅವರು ಪಟ್ಟುಹಿಡಿದರು. ಆ ವಿಷಯದಲ್ಲಿ ಅವರ ನಿಷ್ಠುರತೆ ಗೌರವಾರ್ಹ. ಆದರೆ ಹೃದಯವನ್ನು ಓದುವ ಹೊಣೆಯನ್ನೂ ಅವರೇ ಹೊತ್ತುಕೊಂಡರು. ಸಭೆಯ ಸದಸ್ಯರ ನಡತೆಯ ವಿಚಾರಣೆ, ತಪ್ಪಿದವರಿಗೆ ಪ್ರಭುಭೋಜನದ ನಿಷೇಧ, ಭೂತಾರಾಧನೆಗೆ ಮರಳಿದವರ ಮೇಲೆ ಶಿಸ್ತಿನ ಕ್ರಮ ಇವೆಲ್ಲ ಆ ಹೊಣೆಯ ಭಾಗಗಳು. ತಮ್ಮ ಕುಲದಿಂದ ಹೊರಬಿದ್ದು ಮಿಶನ್ನಿನ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳಲ್ಲಿ ದುಡಿದ ಬಿಲ್ಲವ ಮೂಲದ ಕುಟುಂಬಗಳಿಗೆ ಅನ್ನ ನೀಡುವ ಕೈಯೂ ಹೃದಯ ಪರೀಕ್ಷಿಸುವ ಕೈಯೂ ಒಂದೇ ಆಗಿತ್ತು. ಇಂತಹ ಸ್ಥಿತಿಯಲ್ಲಿ ಒಬ್ಬನು ತನ್ನ ಪ್ರಾಮಾಣಿಕತೆಯನ್ನು ತೋರುವುದಾದರೂ ಹೇಗೆ? ಅನ್ನಕ್ಕಾಗಿ ಬಂದವರೆಂಬ ಶಂಕೆಯನ್ನು ಅವರು ಯಾವ ಕೀರ್ತನೆಯಿಂದಲೂ ತೊಳೆದುಕೊಳ್ಳಲಾಗುತ್ತಿರಲಿಲ್ಲ.

ಕೀರ್ತನೆಯ ಮಾತು ಬಂದುದರಿಂದ ಛಂದಸ್ಸಿನ ಸಂಗತಿಯೊಂದನ್ನು ಹೇಳಬೇಕು. ಜರ್ಮನ್ ಸಭಾಗೀತದ ಲಯ ಉಚ್ಚಾರಣೆಯ ಒತ್ತನ್ನು ನಂಬಿದ್ದು. ಕನ್ನಡದ ಲಯ ಲಘು ಗುರುಗಳ ಕಾಲಮಾನವನ್ನು ನಂಬಿದ್ದು. ಅಲ್ಲಿನ ಧಾಟಿಗೆ ಇಲ್ಲಿನ ಮಾತನ್ನು ಕೂಡಿಸಿದಾಗ ಹ್ರಸ್ವಾಕ್ಷರ ದೀರ್ಘಸ್ವರದ ಮೇಲೆ ನಿಂತು ಎಳೆಯುತ್ತದೆ, ಪದ ನಡುವೆ ತುಂಡಾಗುತ್ತದೆ. ಇದನ್ನು ಗಂಭೀರವಾಗಿ ಪರಿಗಣಿಸಿದವರು ಫರ್ಡಿನೆಂಡ್ ಕಿಟೆಲ್. 1862ರಲ್ಲಿ ಅವರು ಕ್ರಿಸ್ತನ ಚರಿತೆಯನ್ನು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ದೇಶೀಯ ಛಂದಸ್ಸಿನಲ್ಲಿ ಪದ್ಯವಾಗಿಸಿದರು. ಮುಂದೆ 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿದ್ದನ್ನು ಇದರೊಡನೆ ಇಟ್ಟು ನೋಡಿದರೆ ಅವರ ಆಸ್ಥೆ ಶುಷ್ಕ ಪಾಂಡಿತ್ಯದ್ದಲ್ಲವೆಂಬುದು ತಿಳಿಯುತ್ತದೆ. ಹಾಗೆಂದು ಪರಕೀಯ ಧಾಟಿಯ ಹಾಡೆಲ್ಲ ತುಟಿಯ ಮೇಲಿನದೆಂದು ಹೇಳಲಾಗದು. ಒಂದೆರಡು ತಲೆಮಾರು ಕಳೆದ ಮೇಲೆ ಅವೇ ಧಾಟಿಗಳು ಸಾವಿನ ಮನೆಯಲ್ಲಿ, ಮದುವೆಯ ಚಪ್ಪರದಲ್ಲಿ ಪುಸ್ತಕವಿಲ್ಲದೆ ಹಾಡುವ ಕಂಠಸ್ಥ ಸಂಪತ್ತಾದವು. ಜಾನಪದವೆಂದರೆ ಕೇವಲ ಮೂಲದ ಶುದ್ಧಿಯಲ್ಲ, ಬಳಕೆಯ ಒಡೆತನವೂ ಹೌದು. ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ದ ತರುವಾಯ ಮಿಶನರಿಗಳ ನಿಘಂಟು, ವ್ಯಾಕರಣ, ಮುದ್ರಣ, ಪತ್ರಿಕೆಗಳ ಬಗ್ಗೆ ನಮ್ಮಲ್ಲಿ ವಿಪುಲವಾಗಿ ಬರೆಯಲಾಗಿದೆ. ಆ ಪುಸ್ತಕಗಳನ್ನು ಕೈಯಲ್ಲಿ ಹಿಡಿದು ಹಾಡಿದವರ ಬಗ್ಗೆ ಅಷ್ಟು ಬರೆದಿಲ್ಲ.

ಹಾಡಿದವರ, ಹರಕೆ ಹೊತ್ತವರ ಅಳತೆಗೋಲು ಕಾಣಸಿಗುವುದು ಸ್ಥಳಪುರಾಣಗಳಲ್ಲಿ. ಮೈಸೂರು ಜಿಲ್ಲೆಯ ಕೃಷ್ಣರಾಜನಗರದ ಬಳಿಯ ಡೋರ್ನಹಳ್ಳಿಯ ಸಂತ ಅಂತೋಣಿಯವರ ಕ್ಷೇತ್ರದ ಐತಿಹ್ಯ ಹೀಗಿದೆ. ಹೊಲ ಉಳುತ್ತಿದ್ದ ರೈತನೊಬ್ಬನ ನೇಗಿಲಿಗೆ ಮರದ ಮೂರ್ತಿಯೊಂದು ಸಿಕ್ಕಿತು. ಬೊಂಬೆಯೆಂದು ತಿಳಿದು ಅವನು ಅದನ್ನು ಮಕ್ಕಳ ಆಟಕ್ಕೆ ಕೊಟ್ಟನು. ಸನ್ಯಾಸಿಯಂತಿದ್ದ ವ್ಯಕ್ತಿಯೊಬ್ಬನು ಕನಸಿನಲ್ಲಿ ಬಂದು ತನಗೊಂದು ಗುಡಿ ಕಟ್ಟಿಸೆಂದನು. ರೈತ ಲಕ್ಷಿಸಲಿಲ್ಲ, ಮನೆಗೆ ಕೇಡು ಬಂದಿತು. ಕೊನೆಗೆ ಚಿಕ್ಕ ಗುಡಿ ಎದ್ದಿತು. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಐತಿಹ್ಯದಲ್ಲಿ, ಟಿಪ್ಪುವಿನ ಕಾಲದ ಸೆರೆಯಿಂದ ಮರಳಿದ ಕ್ರೈಸ್ತರು ಇಗರ್ಜಿಗೆ ನೆಲೆ ಹುಡುಕುತ್ತಾ ಸಂತನ ಮರದ ಪ್ರತಿಮೆಯನ್ನು ಹೊತ್ತು ಅಲೆಯುತ್ತಾರೆ. ಬಾಯಾರಿಕೆಗೆಂದು ಒರತೆಯ ಬಳಿ ಇಳಿಸಿದ ಪ್ರತಿಮೆ ಮತ್ತೆ ಮೇಲೇಳುವುದಿಲ್ಲ. ಇಲ್ಲಿಯೇ ಕಟ್ಟುತ್ತೇವೆಂದು ಮಾತು ಕೊಟ್ಟ ಮೇಲಷ್ಟೇ ಅದು ಹಗುರಾಗುತ್ತದೆ. ಅತ್ತೂರಿಗೆ 2016ರಲ್ಲಿ, ಡೋರ್ನಹಳ್ಳಿಗೆ 2019ರಲ್ಲಿ ಬಸಿಲಿಕ ಪದವಿ ದೊರೆಯಿತು.

ನೇಗಿಲಿಗೆ ಸಿಗುವ ಮೂರ್ತಿ, ಕನಸಿನ ಅಪ್ಪಣೆ, ಕದಲದ ದೇವರು ಎಂಬ ಆಶಯಗಳು ಕನ್ನಡ ನಾಡಿನ ನೂರಾರು ಗ್ರಾಮದೇವತೆಗಳ ಕಥನಗಳಲ್ಲಿವೆ. ನಮ್ಮ ಅಧ್ಯಯನಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಆಶಯಗಳನ್ನು ಪಟ್ಟಿಮಾಡಿ, ‘ಭಾವೈಕ್ಯ’ವೆಂಬ ಮುದ್ರೆಯೊತ್ತಿ ಮುಗಿಸುತ್ತವೆ. ಗಮನಿಸಬೇಕಾದದ್ದು ಕಥನದ ಕೀಲು ಎಲ್ಲಿದೆ ಎಂಬುದು. ಡೋರ್ನಹಳ್ಳಿಯ ರೈತನಿಗೆ ಸಂತನ ಹೆಸರಾಗಲಿ, ಮತವಾಗಲಿ ತಿಳಿದಿರಲಿಲ್ಲ. ಅವನ ಅಜ್ಞಾನವನ್ನು ಕಥೆ ದೋಷವೆಂದು ಎಣಿಸುವುದಿಲ್ಲ. ಮೂರ್ತಿಯನ್ನು ಮಕ್ಕಳಿಗೆ ಕೊಟ್ಟದ್ದಕ್ಕೂ ತಕ್ಷಣ ಶಿಕ್ಷೆಯಿಲ್ಲ. ಕೇಡು ಬರುವುದು ಅಪ್ಪಣೆ ಕೇಳಿಯೂ ಕೇಳದಂತೆ ಇದ್ದಾಗ. ಅತ್ತೂರಿನಲ್ಲಿ ಪ್ರತಿಮೆ ಹಗುರಾಗುವುದು ಭಕ್ತರ ಭಾವೋದ್ರೇಕದಿಂದಲ್ಲ, ಮಾತಿನಿಂದ. ಆ ಮಾತು ಉಳಿಯಿತೆಂಬುದಕ್ಕೆ ಇಗರ್ಜಿಯ ಕಟ್ಟಡವೇ ಪುರಾವೆ. ಹರಕೆಯ ವ್ಯಾಕರಣವೂ ಇದೇ. ಸಂಕಟದಲ್ಲಿ ಒಂದು ಮಾತು, ಸಂಕಟ ಕಳೆದ ಮೇಲೆ ಅದರ ಸಲುವಳಿ. ಮೇಣದ ಬತ್ತಿ ಎಷ್ಟು ಎತ್ತರದ್ದು ಎಂಬುದಕ್ಕಿಂತ ಹೇಳಿದಷ್ಟೇ ಎತ್ತರದ್ದೇ ಎಂಬುದು ಮುಖ್ಯ. ಹರಕೆ ಹೊತ್ತವನ ಮನಸ್ಸಿನಲ್ಲಿ ಆ ಗಳಿಗೆಯಲ್ಲಿ ಭಕ್ತಿ ಉಕ್ಕುತ್ತಿತ್ತೇ ಎಂದು ಯಾರೂ ಕೇಳುವುದಿಲ್ಲ. ತೀರಿಸಿದನೇ ಎಂದು ಮನೆಯವರೂ ಕೇರಿಯವರೂ ಕೇಳುತ್ತಾರೆ. ಇದನ್ನು ಕೊಡುಕೊಳ್ಳುವ ವ್ಯಾಪಾರವೆಂದು ಹಗುರವಾಗಿ ಕಾಣುವ ವಿದ್ಯಾವಂತ ಕ್ರೈಸ್ತರಿದ್ದಾರೆ. ಹೊತ್ತ ಹರಕೆಯನ್ನು ತೀರಿಸದಿರುವುದಕ್ಕಿಂತ ಹೊರದಿರುವುದೇ ಲೇಸೆಂಬ ವಿವೇಕ ಅವರದೇ ಧರ್ಮಗ್ರಂಥದ ಪ್ರಸಂಗಿಯ ಪುಸ್ತಕದಲ್ಲಿದೆ. ಹೀಬ್ರೂ ಭಾಷೆಯಲ್ಲಿ ‘ಹೃದಯ’ವೆಂಬುದು ಭಾವನೆಯಷ್ಟೇ ಅಲ್ಲ, ಆಲೋಚನೆ ಮತ್ತು ನಿಶ್ಚಯಗಳ ನೆಲೆಯೂ ಹೌದು. ಆ ಅರ್ಥದಲ್ಲಿ ಹರಕೆಯವನ ನಿಯತ್ತು ಹೃದಯದ ಹೊರಗಿನ ಸಂಗತಿಯಲ್ಲ.

ಜನರ ಈ ಆಚರಣೆಗಳಿಗೆ ಸ್ವಾತಂತ್ರ್ಯೋತ್ತರ ಕಾಲದಲ್ಲಾದರೂ ಮನ್ನಣೆ ದೊರೆಯಬಹುದಿತ್ತು. 2ನೆಯ ವ್ಯಾಟಿಕನ್ ಮಹಾಸಭೆಯು ಆರಾಧನೆಯಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆದ ಬಳಿಕ, ಬೆಂಗಳೂರಿನಲ್ಲಿ 1967ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಧರ್ಮಬೋಧನಾ ಮತ್ತು ಆರಾಧನಾ ಕೇಂದ್ರವು ಡಿ. ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಭಾರತೀಯ ಪೂಜಾವಿಧಿಯ ಪ್ರಯೋಗಗಳಿಗೆ ತೊಡಗಿತು. 1969ರಲ್ಲಿ ರೋಮ್ ಅನುಮೋದಿಸಿದ 12 ಅಂಶಗಳಲ್ಲಿ ನೆಲದ ಮೇಲೆ ಕೂರುವುದು, ಅಂಜಲಿ, ಪಂಚಾಂಗ ಪ್ರಣಾಮ, ಆರತಿ, ಎಣ್ಣೆಯ ದೀಪ, ಗುರುವಿನ ಹೆಗಲಿಗೆ ಶಾಲು ಮುಂತಾದವು ಸೇರಿದ್ದವು. ಉದ್ದೇಶ ಸಾಧುವಾದುದು, ಆಯ್ಕೆ ಏಕಮುಖವಾದುದು. ಭಾರತೀಯವೆಂದು ಆರಿಸಿಕೊಂಡದ್ದು ಹೆಚ್ಚಾಗಿ ಶಿಷ್ಟ ದೇವಾಲಯ ಮತ್ತು ಆಶ್ರಮಗಳ ರೂಢಿಯನ್ನು. ದ್ಯುಬುವಾ ಜುಗುಪ್ಸೆಪಟ್ಟಿದ್ದ ಡೋಲು ದೀವಟಿಗೆಗಳ ಮೆರವಣಿಗೆಯಾಗಲಿ, ಹರಕೆಯಾಗಲಿ ಆ ಪಟ್ಟಿಯಲ್ಲಿ ಜಾಗ ಪಡೆಯಲಿಲ್ಲ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ಪಿ. ನಿರ್ಮಲ್ ಅವರು ಮಾಡಿದ ಭಾಷಣ ದಲಿತ ದೈವಶಾಸ್ತ್ರದ ಆರಂಭವೆಂದು ಪರಿಗಣಿತವಾಗಿದೆ. ಭಾರತೀಯ ಕ್ರೈಸ್ತ ಚಿಂತನೆ ಬ್ರಾಹ್ಮಣ್ಯದ ಪರಂಪರೆಯೊಡನೆಯೇ ಸಂವಾದಿಸುತ್ತ ಬಂದಿದೆಯೆಂಬ ಅವರ ಆಕ್ಷೇಪವನ್ನು ಪೂಜಾವಿಧಿಗೂ ಅನ್ವಯಿಸಬಹುದು. ಆರತಿಯ ತಟ್ಟೆ ಪೀಠಕ್ಕೆ ಬಂದಷ್ಟು ಸಲೀಸಾಗಿ ತಮಟೆ ಬರಲಿಲ್ಲ.

ಇಷ್ಟಾಗಿಯೂ ಜನಪದರ ಅಳತೆಗೋಲನ್ನು ಆದರ್ಶೀಕರಿಸುವುದು ವಿಮರ್ಶೆಯಾಗದು. ಕಾಣಿಕೆಯನ್ನು ಪೀಠದ ಬಳಿಗೆ ತಂದವನಿಗೆ ತನ್ನ ಮೇಲೆ ಸಹೋದರನ ದೂರಿದೆಯೆಂಬುದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನೊಡನೆ ಸಂಧಾನವಾಗಬೇಕೆಂದು ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಯೇಸು ವಿಧಿಸುತ್ತಾನೆ. ಇಲ್ಲಿಯೂ ಮನಃಶುದ್ಧಿಯ ಸಾಕ್ಷಿ ಆರಾಧಕನ ಎದೆಯೊಳಗಿಲ್ಲ. ಅದು ನೊಂದವನ ಬಳಿಯಿದೆ. ಹರಕೆಯ ನಿಯತ್ತು ಈ ವಿಧಿಯ ಅರ್ಧ ದಾರಿಯನ್ನು ಮಾತ್ರ ಕ್ರಮಿಸುತ್ತದೆ. ಸಂತನ ಲೆಕ್ಕ ಚುಕ್ತಾ ಆಗುತ್ತದೆ, ನೆರೆಯವನದು ಬಾಕಿ ಉಳಿಯಬಹುದು. ರೋಗ, ಸಂತಾನ, ಬೆಳೆ, ಕಳೆದುಹೋದ ಒಡವೆ ಇವೆಲ್ಲ ಹರಕೆಯ ಕಥನಗಳಲ್ಲಿ ಮತ್ತೆ ಮತ್ತೆ ಬರುತ್ತವೆ; ತಾನು ಕೆಡುಕು ಮಾಡಿದವನೊಡನೆ ರಾಜಿಯಾದ ಪ್ರಸಂಗ ವಿರಳ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರ ತನ್ನ ದಲಿತ ಸಬಲೀಕರಣ ನೀತಿಯಲ್ಲಿ ಸಭೆಯೊಳಗೆ ಅಸ್ಪೃಶ್ಯತೆ ಇರುವುದನ್ನು ಒಪ್ಪಿಕೊಂಡಿತು. 1744ರಲ್ಲಿ ಸಾವಿನ ಹಾಸಿಗೆಯ ಸುತ್ತ ಎದ್ದಿದ್ದ ಪ್ರಶ್ನೆಗೆ ಅಷ್ಟು ದೀರ್ಘ ಆಯುಸ್ಸು.

ಆದ್ದರಿಂದ ಮುಂದಿನ ಕ್ಷೇತ್ರಕಾರ್ಯವು ಐತಿಹ್ಯಗಳ ಆಶಯಸೂಚಿಯನ್ನು ಬೆಳೆಸುವುದರ ಜೊತೆಗೆ ಬೇರೆ ಬಗೆಯ ವಿವರಗಳನ್ನೂ ಕೇಳಬೇಕಾಗಿದೆ. ಹಬ್ಬದ ತೇರಿಗೆ ಹೆಗಲು ಕೊಡುವ ಹಕ್ಕು ಯಾವ ಮನೆತನಗಳದು? ಮೆರವಣಿಗೆ ಯಾವ ಕೇರಿಯವರೆಗೆ ಹೋಗಿ ತಿರುಗುತ್ತದೆ? ವಾದ್ಯ ನುಡಿಸುವವರು ಪೂಜೆಯ ವೇಳೆ ಎಲ್ಲಿ ನಿಲ್ಲುತ್ತಾರೆ? ಹರಕೆಯ ಊಟದ ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ? ಇಗರ್ಜಿಯ ದೀಕ್ಷಾಸ್ನಾನದ ಪುಸ್ತಕದಲ್ಲಾಗಲಿ, ಮರಣದ ಪುಸ್ತಕದಲ್ಲಾಗಲಿ ಇವುಗಳಿಗೆ ಅಂಕಣವಿಲ್ಲ. ತೇರು ಹೊತ್ತವರನ್ನೂ ದೂರ ನಿಂತವರನ್ನೂ ಪ್ರತ್ಯೇಕವಾಗಿ ಕೇಳಿ, ಎರಡು ಹೇಳಿಕೆಗಳನ್ನು ಒಟ್ಟಿಗೆ ಇಟ್ಟು ಬರೆದುಕೊಳ್ಳಬೇಕು.