ಎಕರೆಯ ಕಾಗುಣಿತ

ಇಂಗ್ಲಿಷಿನ ಅಳತೆಪದಗಳಲ್ಲಿ ಬರಹಕ್ಕೂ ಉಚ್ಚಾರಣೆಗೂ ಹೊಂದಿಕೆಯಿಲ್ಲವೆಂಬ ದೂರು ಹಳೆಯದು. ಅದನ್ನು ತಿದ್ದಹೊರಟವರಲ್ಲಿ ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರ್ ಪ್ರಮುಖ. ‘ಮೀಟರ್’ ಪದದ ಕೊನೆಯ ಆರ್-ಇ ಅಲ್ಲಿ ಇ-ಆರ್ ಆಗಿ ನೆಲೆಗೊಂಡಿತು. ‘ಏಕರ್’ ಮಾತ್ರ ಬಗ್ಗಲಿಲ್ಲ. ಸಿ ಅಕ್ಷರದ ಬದಲು ಕೆ ಇಟ್ಟು ಬರೆಯಬೇಕೆಂಬ ಅವನ ಸೂಚನೆಯನ್ನು ಅಮೆರಿಕನ್ನರೂ ಒಪ್ಪಲಿಲ್ಲ. ಸಿ ಉಳಿಸಿಕೊಂಡು ಕೊನೆಯ ಎರಡು ಅಕ್ಷರಗಳನ್ನಷ್ಟೇ ಅದಲುಬದಲು ಮಾಡುವಂತೆಯೂ ಇರಲಿಲ್ಲ. ಇಂಗ್ಲಿಷಿನ ರೂಢಿಯಲ್ಲಿ ಇ ಅಕ್ಷರದ ಹಿಂದಿನ ಸಿ ಸಕಾರವಾಗಿ, ಓದುಗನು ‘ಏಸರ್’ ಎಂದಾನು.

ವೆಬ್‌ಸ್ಟರನದು ಕೇವಲ ಧ್ವನಿವಾದಿಯ ಹಟವೆಂದು ತಳ್ಳಿಹಾಕುವುದು ಸರಿಯಲ್ಲ. ಚರಿತ್ರೆಯೂ ಅವನ ಪರವಾಗಿದೆ. ಹಳೆಯ ಇಂಗ್ಲಿಷಿನ ರೂಪದಲ್ಲಿ ಆರ್ ಅಕ್ಷರವೇ ಕೊನೆಯದು, ಸಿ ಅಕ್ಷರದ ಧ್ವನಿ ಕಕಾರವೇ. ಜರ್ಮನ್ನಿನ ‘ಆಕರ್’ ಇಂದಿಗೂ ಅದನ್ನೇ ಉಳಿಸಿಕೊಂಡಿದೆ. ಆರ್-ಇ ಬರಹ ಫ್ರೆಂಚ್ ಮತ್ತು ಮಧ್ಯಯುಗದ ಲ್ಯಾಟಿನ್ ಪ್ರಭಾವದಿಂದ ಬಂದದ್ದು. ಹಾಗಾಗಿ ಸಂಪ್ರದಾಯದ ಹೆಸರಿನಲ್ಲಿ ಸಮರ್ಥಿಸಲ್ಪಡುವ ರೂಪವೇ ಆಗಂತುಕ!

ಪದದ ಮೂಲಾರ್ಥ ಅಳತೆಯಲ್ಲ, ಹೊಲ. ಲ್ಯಾಟಿನ್ನಿನ ‘ಅಗೆರ್’, ಗ್ರೀಕಿನ ‘ಅಗ್ರೋಸ್’, ವೇದಭಾಷೆಯ ‘ಅಜ್ರ’ ಇದರ ದಾಯಾದಿಗಳು. ಹೊಲವು ಅಳತೆಯಾದಾಗ ನೇಗಿಲೇ ಮಾನದಂಡವಾಯಿತು. 660 ಅಡಿ ಉದ್ದ, 66 ಅಡಿ ಅಗಲದ ಪಟ್ಟಿ ಒಂದು ಎಕರೆ. ಆ ಉದ್ದವೇ ಫರ್ಲಾಂಗ್, ಅಂದರೆ ಉಳುಮೆಯ ಸಾಲಿನ ಉದ್ದ. ಉಳುವವನ ಈ ನೆನಪನ್ನು ಇಂಗ್ಲಿಷಿನ ಇಂದಿನ ಕಾಗುಣಿತ ಮುಚ್ಚಿಡುತ್ತದೆ.

ಗಡಿಯ ಭಾಷೆಗಳು ಈ ಪದವನ್ನು ಪಡೆದ ಬಗೆ ಇನ್ನೂ ಕುತೂಹಲಕರ. ತಮಿಳು, ಮಲಯಾಳಗಳಲ್ಲಿ ‘ಏಕ್ಕರ್’: ದೀರ್ಘ ಸ್ವರ, ದ್ವಿತ್ವ. ಮರಾಠಿಯಲ್ಲಿ ‘ಏಕರ್’. ತೆಲುಗು ಅದಕ್ಕೆ ತನ್ನ ನಾಮಪ್ರತ್ಯಯ ತೊಡಿಸಿ ‘ಎಕರಂ’ ಎನ್ನುತ್ತದೆ. ಕನ್ನಡದ ‘ಎಕರೆ’ ಮೊದಲ ಸ್ವರವನ್ನು ಹ್ರಸ್ವಗೊಳಿಸಿ, ಕೊನೆಗೆ ಎಕಾರ ಸೇರಿಸಿಕೊಂಡಿತು. ‘ಎಕರೆಗೆ’, ‘ಎಕರೆಯಲ್ಲಿ’ ಎಂದು ‘ಮನೆ’ಯಂತೆಯೇ ವಿಭಕ್ತಿ ಹತ್ತಿಸಿಕೊಳ್ಳುತ್ತದೆ. ‘ಇಂಗ್ಲಿಷಿನ ಅಪಭ್ರಂಶ’ ಎಂಬ ಒಂದೇ ಹಣೆಪಟ್ಟಿ ಈ ನಾಲ್ಕು ಬೇರೆ ಬೇರೆ ವ್ಯಾಕರಣ ನಿರ್ಧಾರಗಳನ್ನು ಅಳಿಸಿಹಾಕುತ್ತದೆ. ಪದವನ್ನು ಕೆಡಿಸಿದ ಆರೋಪ ಹೊರಿಸುವುದಾದರೆ ಮೊದಲ ಸರದಿ ಇಂಗ್ಲಿಷಿನ ಲಿಪಿಕಾರರದು.

ಎಕರೆಯೊಳಗಿನ ಭಾಗಗಳಲ್ಲಂತೂ ಪದವೇ ಬೇರೆಯಾಗುತ್ತದೆ. ಸೊಲ್ಲಾಪುರದ ಕನ್ನಡಿಗನಿಗೆ ಎಕರೆಯೆಂದರೆ 40 ಗುಂಟೆ. ಕಾಸರಗೋಡಿನವನಿಗೆ 100 ಸೆಂಟು. ‘ಸೆಂಟು’ ಲ್ಯಾಟಿನ್ನಿನ ನೂರು. ಕರ್ನಾಟಕದೊಳಗೇ ದಕ್ಷಿಣ ಕನ್ನಡದಲ್ಲಿ ಸೆಂಟು ರೂಢಿಯಲ್ಲಿರುವುದರಿಂದ, ಈ ಪದಗಳ ಗಡಿ ರಾಜ್ಯಗಳ ಗಡಿಯೊಂದಿಗೆ ಕೂಡಿ ಬರುವುದಿಲ್ಲ. ಒಂದು ಗುಂಟೆಗೆ ಎರಡೂವರೆ ಸೆಂಟೆಂಬ ಲೆಕ್ಕವನ್ನು ಎರಡೂ ಕಡೆಯವರು ಬಲ್ಲರು.