ದಂತಪೆಟ್ಟಿಗೆಯೂ ಬೋದಿಗೆಯೂ: ‘ಮಿಶ್ರಶೈಲಿ’ಯ ಮಾತನ್ನು ಕುರಿತು

ಸಿಸಿಲಿ ದ್ವೀಪದ ಹೆಸರಿನೊಡನೆ ಪ್ರಸಿದ್ಧವಾದ 12–13ನೆಯ ಶತಮಾನಗಳ ಚಿತ್ರಿತ ದಂತಪೆಟ್ಟಿಗೆಗಳನ್ನು ‘ಮಿಶ್ರಶೈಲಿ’ಯವೆಂದು ಹೇಳುವುದು ರೂಢಿ. ಪೆರಿ ಕಾಟ್ ಅವರ 1939ರ ಗ್ರಂಥವು ಇವನ್ನು ಒಂದೆಡೆ ಕಲೆಹಾಕಿ ಮಹದುಪಕಾರ ಮಾಡಿತು. ಆದರೆ ಆ ಒಂದು ಮಾತಿನಿಂದ ವಿವರಣೆ ಮುಗಿಯಿತೆ ಎಂಬುದೇ ನಮ್ಮ ಪ್ರಶ್ನೆ.

ಮೊದಲು ವಸ್ತುವನ್ನೇ ನೋಡೋಣ. ದಂತದ ತೆಳುಫಲಕ, ಲೋಹದ ಪಟ್ಟಿ. ಮೇಲೆ ಬಣ್ಣ ಹಾಗೂ ಚಿನ್ನದಲ್ಲಿ ಹಕ್ಕಿ, ಜಿಂಕೆ, ವಾದ್ಯಗಾರರು, ಅರಬ್ಬಿ ಬರಹ. ಕೆಲವದರಲ್ಲಿ ಕ್ರೈಸ್ತ ಸಂತರು. ಇಂತಹ ಪೆಟ್ಟಿಗೆಗಳೇ ಮುಂದೆ ಯೂರೋಪಿನ ಇಗರ್ಜಿಗಳಲ್ಲಿ ಸಂತರ ಅವಶೇಷಗಳನ್ನು ಕಾಯ್ದವು. ಅಲಂಕಾರ ಒಂದು ಲೋಕದ್ದು, ಬಳಕೆ ಇನ್ನೊಂದು ಲೋಕದ್ದು. ಎರಡೂ ಕರಗದೆ ಜೊತೆಗಿದ್ದವು.

ಆಳಂದ, ಅಫಜಲಪುರ, ಜೇವರ್ಗಿಗಳ ಓದುಗರಿಗೆ ಈ ಪ್ರಶ್ನೆ ದೂರದ್ದಲ್ಲ. ಕಲಬುರಗಿಯ ಹಫ್ತ್ ಗುಂಬಜ್ ಸಮೂಹದಲ್ಲಿ ಫಿರೋಜ್ ಷಾ ಬಹಮನಿಯ (ಆಳ್ವಿಕೆ 1397–1422) ಗೋರಿಯಿದೆ. ಅದರ ಗುಮ್ಮಟ, ಕಮಾನುಗಳು ಇಸ್ಲಾಮೀ ಪರಂಪರೆಯವು. ಬಾಗಿಲ ಮೇಲಣ ಸೂರನ್ನು ಹೊತ್ತ ಬೋದಿಗೆಗಳಾದರೋ ದೇವಾಲಯದವನ್ನು ಹೋಲುತ್ತವೆ. ಇದನ್ನೂ ‘ಮಿಶ್ರ’ವೆಂದು ಬಿಟ್ಟರೆ ದೊಡ್ಡ ಭೇದವೊಂದು ಮರೆಯಾಗುತ್ತದೆ. ಚಿತ್ರ ಅಳಿದರೂ ಪೆಟ್ಟಿಗೆ ಉಳಿಯುವುದು. ಬೋದಿಗೆ ತೆಗೆದರೆ ಸೂರು ನಿಲ್ಲದು. ದೇಶೀಯ ಕಲ್ಕುಟಿಗನ ವಿದ್ಯೆ ಇಲ್ಲಿ ಅಂದವನ್ನಷ್ಟೇ ಕೊಡದೆ ಭಾರವನ್ನೂ ಹೊತ್ತಿದೆ.

ಆದುದರಿಂದ ‘ಮಿಶ್ರ’ ಎಂಬ ಮಾತನ್ನು ತೀರ್ಮಾನವೆಂದು ಬಗೆಯದೆ ಶೋಧನೆಯ ಆರಂಭವೆಂದು ಬಗೆಯಬೇಕು. ಯಾವ ಅಂಗ ಏನು ಮಾಡುತ್ತದೆ, ಯಾರಿಗಾಗಿ ಮಾಡುತ್ತದೆ ಎಂದು ಕೇಳದ ವಿಮರ್ಶೆಗೆ ಕುಶಲಕರ್ಮಿಯ ದುಡಿಮೆ ಕಾಣದು.