ಓದಿ ಮುಗಿಯದ ಪುಸ್ತಕದ ಮೇಲಿನ ಮಾತು

ಬೇವೂರು, ಹುನಗುಂದ, ಇಳಕಲ್ಲಿನ ಸೀಮೆಗೆ ಸೇವೆಗಾಗಿ ತೆರಳುವ ಬೋಧಕನ ಕೈಗೆ ಇಂದಲ್ಲ ನಾಳೆ ಬಸವಣ್ಣನವರ ವಚನ ಸಂಪುಟವು ಬಂದೇ ಬರುತ್ತದೆ. ಕೃಷ್ಣೆ ಮಲಪ್ರಭೆಗಳು ಕೂಡುವ ಕೂಡಲಸಂಗಮವು ಅಲ್ಲಿಗೆ ದೂರವಲ್ಲ. ಆ ಸ್ಥಳದ ದೇವರ ಹೆಸರೇ ವಚನಗಳ ಅಂಕಿತ. ಒಂದು ವಾರ ಓದಿದ ಮೇಲೆ ಚಹಾದ ಹೊತ್ತಿನಲ್ಲಿ ಆತನು ಜೊತೆಗಾರರಿಗೆ ಹೇಳುವ ಮಾತನ್ನು ನಾವು ಹಲವರ ಬಾಯಿಂದ ಕೇಳಿದ್ದೇವೆ: ಇದೆಲ್ಲ ನಮ್ಮ ದಾವೀದನ ಕೀರ್ತನೆಗಳೇ.

ಈ ಮಾತು ಸುಳ್ಳಲ್ಲ. ಆದರೆ ಅದು ಇಂತಿಷ್ಟೇ ಪುಟದವರೆಗಿನ ಮಾತು. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಸಂಪುಟದಲ್ಲಿ ವಚನಗಳು ಷಟ್‌ಸ್ಥಲದ ಕ್ರಮದಲ್ಲಿವೆ. ಮೊದಲು ಬರುವುದು ಭಕ್ತಸ್ಥಲ, ಅದೇ ಎಲ್ಲಕ್ಕಿಂತ ದೊಡ್ಡದು. ಅಲ್ಲಿ ಮನಸ್ಸಿನ ಚಂಚಲತೆಯ ಅಳಲುಂಟು, ಕರುಣೆಯ ಬೇಡಿಕೆಯುಂಟು. ಕೀರ್ತನೆಗಳನ್ನು ಬಲ್ಲವನಿಗೆ ಅದು ತವರಿನ ದನಿ. ಮುಂದೆ ಪ್ರಾಣಲಿಂಗಿ, ಶರಣ, ಐಕ್ಯ ಸ್ಥಲಗಳಿಗೆ ಬಂದಾಗ ಬೇಡುವವನು, ಬೇಡಿಸಿಕೊಳ್ಳುವವನು ಎಂಬ ಎರಡೇ ಕರಗತೊಡಗುತ್ತದೆ. ದಾವೀದನು ಆ ದಾರಿಯಲ್ಲಿ ಜೊತೆಗೆ ಬರುವುದಿಲ್ಲ. ನಡುವಿನ ಅಭಿಪ್ರಾಯವು ತೀರ್ಪಾಗಿ ಪ್ರಸಂಗಪೀಠವನ್ನೇರಿದರೆ ನೆರೆಯವರ ಧರ್ಮಗ್ರಂಥವು ನಮ್ಮದರ ಅಡಿಟಿಪ್ಪಣಿಯಾಗುತ್ತದೆ. ಹೊಗಳಿಕೆಯ ರೂಪದಲ್ಲಿ ಬಂದುದರಿಂದ ಈ ಅನ್ಯಾಯ ಯಾರ ಕಣ್ಣಿಗೂ ಬೀಳುವುದಿಲ್ಲ.

ನಮ್ಮ ಗ್ರಂಥಕ್ಕೂ ಹೀಗೆಯೇ ಆಗಬಹುದು. ಯೋಬನ ಗ್ರಂಥವನ್ನು 25ನೆಯ ಅಧ್ಯಾಯದಲ್ಲಿ ಮುಚ್ಚಿಟ್ಟವನಿಗೆ ಎಲೀಫಜ, ಬಿಲ್ದದ, ಚೋಫರರೇ ದೇವರ ಪಕ್ಷದವರೆನಿಸುತ್ತಾರೆ. ಅವರ ಮಾತು ಯುಕ್ತವಲ್ಲವೆಂಬ ನಿರ್ಣಯ ಬರುವುದು 42ನೆಯ ಅಧ್ಯಾಯದಲ್ಲಿ. (ಶವಸಂಸ್ಕಾರದ ಪ್ರಸಂಗಗಳಲ್ಲಿ ಬಿಲ್ದದನ ದನಿ ಇಂದಿಗೂ ಕೇಳಿಬರುತ್ತದೆ.)

ಹಾಗೆಂದು ಪುಸ್ತಕ ಮುಗಿಯುವ ತನಕ ಬಾಯಿ ಮುಚ್ಚಿಕೊಂಡಿರಬೇಕೆಂದು ನಾವು ಹೇಳುವುದಿಲ್ಲ. ರಥದಲ್ಲಿ ಕುಳಿತು ಯೆಶಾಯನನ್ನು ಓದುತ್ತಿದ್ದ ಐಥಿಯೋಪ್ಯದ ಕಂಚುಕಿಯು ಓದಿನ ನಡುವೆಯೇ ಮಾತನಾಡಿದನು. ಆತನು ಫಿಲಿಪ್ಪನಿಗೆ ಅಭಿಪ್ರಾಯವನ್ನು ಒಪ್ಪಿಸಲಿಲ್ಲ. ಇದು ಯಾರ ವಿಷಯವೆಂದು ಕೇಳಿದನು. ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್‌ರಿಗೂ ಬಸವಪುರಾಣದ ಬಗ್ಗೆ ತಮ್ಮದೇ ಅಭಿಪ್ರಾಯಗಳಿದ್ದಿರಬೇಕು. ಆದರೂ 1848ರಲ್ಲಿ ಆರಂಭವಾದ ಬಿಬ್ಲಿಯೋಥೆಕಾ ಕರ್ನಾಟಿಕಾ ಮಾಲೆಯಲ್ಲಿ ಅವರು ಜನರ ಕೈಗಿತ್ತದ್ದು ಕೃತಿಯನ್ನು.

ಪ್ರಾಣಲಿಂಗಿಸ್ಥಲದ ನಡುವಿನಲ್ಲಿರುವ ಕಿರಿಯ ಬೋಧಕರೊಬ್ಬರು ಈಚೆಗೆ ನಮ್ಮನ್ನು ಕೇಳಿದರು: ಅಂಗೈಯ ಇಷ್ಟಲಿಂಗವೂ ಅದನ್ನು ನೋಡುವ ಕಣ್ಣೂ ಬೇರೆಯಲ್ಲವಾದರೆ ಪ್ರಾರ್ಥನೆ ಯಾರಿಗೆ? ಉತ್ತರ ಹೇಳುವ ಅಧಿಕಾರ ನಮ್ಮದಲ್ಲ. ಅವರ ಬೀದಿಯಲ್ಲೇ ದಿನವೂ ಲಿಂಗಪೂಜೆ ಮಾಡುವ ಹಿರಿಯರೊಬ್ಬರಿದ್ದಾರೆ. ಪುಸ್ತಕವನ್ನು ಹಿಡಿದುಕೊಂಡೇ ಅಲ್ಲಿಗೆ ಹೋಗಿರೆಂದೆವು.